ಅಂಕಿತ ಯಾರದು?

ಹೋದ ಕಾರ್ತಿಕದಲ್ಲಿ ನಮ್ಮ ಬೀದಿಯವರೊಬ್ಬರು ರಟ್ಟಿನ ಫೈಲೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಫೈಲಿನಲ್ಲಿ ನೂರೆಂಟು ದೇವಿಸ್ತುತಿಗಳಿದ್ದವು. "ಅಚ್ಚು ಹಾಕಿಸ್ಬೇಕು ಅಂತಿದೀನಿ ಮೇಷ್ಟ್ರೇ, ಒಂದ್ಸಲ ಕಣ್ಣಾಡಿಸಿಕೊಡಿ. ನಾನು ಬರೆದಿದ್ದು ಅಂತ ಮಾತ್ರ ತಿಳ್ಕೋಬೇಡಿ, ಎಲ್ಲಾ ಅಮ್ಮ ಬರೆಸಿದ್ದು" ಎಂದರು. ಕಾಫಿ ಕುಡಿದು ಹೋದರು.

ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿಯೇ ಸವೆದ ಕೈ ನನ್ನದು. ಕೆಂಪು ಶಾಯಿ ಸಿಕ್ಕರೆ ಸುಮ್ಮನಿರುವುದಿಲ್ಲ. ಒಂದು ವಾರ ಕೂತು ತಿದ್ದಿದೆ. ಅಲ್ಪಪ್ರಾಣ ಇರಬೇಕಾದ ಕಡೆ ಮಹಾಪ್ರಾಣ, ಮಹಾಪ್ರಾಣದ ಕಡೆ ಅಲ್ಪಪ್ರಾಣ. ಮಾತ್ರೆಗಳು ಕೆಲವು ಸಾಲಲ್ಲಿ ಕುಂಟುತ್ತಿದ್ದವು, ಕೆಲವು ಸಾಲಲ್ಲಿ ಓಡುತ್ತಿದ್ದವು. ಅವರು ಮತ್ತೆ ಬಂದು ಹಾಳೆ ತಿರುವಿದಾಗ ಮುಖ ಸಣ್ಣದಾಯಿತು. "ಅಮ್ಮ ಬರೆಸಿದ್ದನ್ನೂ ತಿದ್ತಾರಾ ಮೇಷ್ಟ್ರೇ?" ಎಂದು ಕೇಳಿದರು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಅಮ್ಮನಿಗೆ ಮಹಾಪ್ರಾಣ ಬರಲ್ವೇನ್ರೀ?" ಅಂದುಬಿಟ್ಟೆ. ಫೈಲು ಎತ್ತಿಕೊಂಡು ಹೊರಟೇಹೋದರು. ಆಮೇಲೆ ಸಾರಕ್ಕಿ ಕೆರೆಯ ಮೇಲೆ ವಾಕಿಂಗಿಗೆ ಹೋದಾಗ ಎದುರಿಗೆ ಸಿಕ್ಕರೂ ನೀರಿನ ಕಡೆ ಮುಖ ಮಾಡಿಕೊಂಡು ಹೋಗುತ್ತಿದ್ದರು.

ಹಾಸ್ಯ ಮಾಡಿ ತಪ್ಪು ಮಾಡಿದೆ. ಆದರೆ ಪ್ರಶ್ನೆ ಹಾಸ್ಯದ್ದಲ್ಲ. ಸೃಷ್ಟಿ ಮಾಡುವವನಿಗೆ 'ನಾನು' ಬೇಕು. ಅಧ್ಯಾತ್ಮದ ದಾರಿ ಹಿಡಿದವನು ಅದೇ 'ನಾನು' ಎಂಬುದನ್ನು ಬಿಡಬೇಕು ಅನ್ನುತ್ತಾರೆ. ಇವೆರಡೂ ಒಂದೇ ಮನುಷ್ಯನಲ್ಲಿ ಹೇಗೆ ಬಾಳುವೆ ಮಾಡುತ್ತವೆ?

ಜರಗನಹಳ್ಳಿಯಲ್ಲಿ ಇರುವವನಿಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಕನಕಪುರ ರಸ್ತೆ ಎಂದರೆ ಬನಶಂಕರಿ ಗುಡಿಯ ನಿಂಬೆಹಣ್ಣಿನ ದೀಪದಿಂದ ಶುರುವಾಗಿ ಊರಾಚೆಯವರೆಗೂ ಗುಡಿ, ಮಠ, ಆಶ್ರಮ, ಧ್ಯಾನದ ಹಾಲು. ನಡುನಡುವೆ ಗ್ರಾನೈಟ್ ಅಂಗಡಿ, ಕಲ್ಯಾಣಮಂಟಪ. ಈ ದಾರಿಯಲ್ಲಿ ಎರಡು ಮಾತು ಸದಾ ಕಿವಿಗೆ ಬೀಳುತ್ತವೆ. ಕಲೆಯೇ ಸಾಧನೆ, ಬೇರೆ ಸಾಧನೆ ಬೇಕಿಲ್ಲ ಎಂಬುದು ಒಂದು. ಕಲೆ ಅಹಂಕಾರದ ಆಟ, ಅದನ್ನು ದಾಟಬೇಕು ಎಂಬುದು ಇನ್ನೊಂದು. ಎರಡನ್ನೂ ನಾನು ಬೇರೆಬೇರೆ ವಯಸ್ಸಿನಲ್ಲಿ ನಂಬಿದ್ದೇನೆ.

ಎರಡನೆಯದನ್ನು ನಂಬಿದ ಕಾಲದ ಕಥೆ ಸ್ವಲ್ಪ ಹೇಳಬೇಕು. ನಿವೃತ್ತಿಯಾದ ಹೊಸತರಲ್ಲಿ ಒಂದು ಕಡೆ ಧ್ಯಾನಕ್ಕೆ ಹೋಗುತ್ತಿದ್ದೆ. ಅಲ್ಲಿಯ ಗುರುಗಳು, ಬರೆಯುವ ಆಸೆಯೂ ಒಂದು ವಾಸನೆಯೇ, ಅದು ಉದುರಿದರೆ ಮನಸ್ಸು ಹಗುರಾಗುತ್ತದೆ ಎಂದರು. ಸರಿಯೆನ್ನಿಸಿತು. ಅಷ್ಟೋ ಇಷ್ಟೋ ಪದ್ಯ ಬರೆದುಕೊಂಡಿದ್ದವನು ನೋಟುಬುಕ್ಕು ಕಟ್ಟಿ ಅಟ್ಟಕ್ಕೆ ಹಾಕಿದೆ. ಎಂಟು ತಿಂಗಳು ಒಂದಕ್ಷರ ಬರೆಯಲಿಲ್ಲ. ಮೊದಲೆರಡು ತಿಂಗಳು ಚಡಪಡಿಕೆ, ಮನೆಯವರ ಮೇಲೆ ಸಿಡುಕು. ಆಮೇಲೆ ಒಂಥರಾ ಶಾಂತಿ. ಆ ಶಾಂತಿ ಎಂಥದ್ದೆಂದು ಗೊತ್ತಾದದ್ದು ಒಂದು ಮದುವೆಮನೆಯಲ್ಲಿ. ಹಳೆಯ ಗೆಳೆಯನೊಬ್ಬ "ಏನು ಬರೀತಿದೀಯೋ?" ಎಂದು ಕೇಳಿದ. "ಬರೆಯೋದನ್ನ ಬಿಟ್ಟುಬಿಟ್ಟೆ" ಎಂದೆ. ಹಾಗೆ ಹೇಳುವಾಗ ನನ್ನ ದನಿಯಲ್ಲಿ ಇದ್ದ ಬೀಗು, ಅಲ್ಲಿಯವರೆಗೆ ಯಾವ ಪದ್ಯ ಓದುವಾಗಲೂ ಇರಲಿಲ್ಲ. ಅಹಂಕಾರ ಹೋಗಿರಲಿಲ್ಲ, ಮನೆ ಬದಲಾಯಿಸಿತ್ತು. ಹೊಸ ಮನೆಯಲ್ಲಿ ಬಾಡಿಗೆಯೂ ಕಡಿಮೆ, ಏಕೆಂದರೆ ಅಲ್ಲಿ ಏನನ್ನೂ ಮಾಡಿ ತೋರಿಸಬೇಕಾಗಿರಲಿಲ್ಲ. ಮಾರನೆಯ ದಿನ ಅಟ್ಟ ಹತ್ತಿದೆ.

ಇಂಗ್ಲಿಷಿನ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಈ ಪ್ರಯೋಗವನ್ನು ನನಗಿಂತ ಗಂಭೀರವಾಗಿ ಮಾಡಿದವನು. 1868ರಲ್ಲಿ ಯೇಸುಸಭೆಗೆ ಸೇರುವ ಮೊದಲು ತನ್ನ ಪದ್ಯಗಳನ್ನು ಸುಟ್ಟು, ಮೇಲಿನವರು ಹೇಳದ ಹೊರತು ಬರೆಯುವುದಿಲ್ಲವೆಂದು ಏಳು ವರ್ಷ ಹೆಚ್ಚುಕಡಿಮೆ ಮೌನವಾಗಿದ್ದ. 1875ರ ಡಿಸೆಂಬರಿನಲ್ಲಿ ಡಾಯ್ಚ್‌ಲ್ಯಾಂಡ್ ಎಂಬ ಹಡಗು ಒಡೆದು, ಜರ್ಮನಿಯಿಂದ ಗಡೀಪಾರಾದ ಐವರು ಸನ್ಯಾಸಿನಿಯರು ಮುಳುಗಿ ಸತ್ತರು. ಇದರ ಮೇಲೆ ಯಾರಾದರೂ ಪದ್ಯ ಬರೆದರೆ ಚೆನ್ನಾಗಿತ್ತು ಎಂದು ಮಠದ ಹಿರಿಯರು ಅಂದದ್ದೇ ನೆಪ, ಕಟ್ಟೆಯೊಡೆದ ಹಾಗೆ ದೀರ್ಘ ಕವಿತೆ ಬಂತು. ಸಭೆಯ ಪತ್ರಿಕೆ ಅದನ್ನು ಅಚ್ಚು ಮಾಡಲಿಲ್ಲ. ಅವನ ಕವಿತೆಗಳು ಪುಸ್ತಕವಾಗಿ ಬಂದದ್ದು 1918ರಲ್ಲಿ, ಅವನು ಸತ್ತು 29 ವರ್ಷದ ಮೇಲೆ.

ಅವನು ಡಬ್ಲಿನ್ನಿನಲ್ಲಿ ತೀರಿಕೊಂಡ 1889ರಲ್ಲೇ ನಮ್ಮ ಶಿಶುನಾಳ ಶರೀಫರೂ ತೀರಿಕೊಂಡರು. ಕೆಲಕಾಲ ಶಾಲಾಮಾಸ್ತರರಾಗಿದ್ದವರು, ಗೋವಿಂದಭಟ್ಟರ ಶಿಷ್ಯರು. ಹಾಡು ಕಟ್ಟುವುದು ಸಾಧನೆಗೆ ಅಡ್ಡಿಯಾಗುತ್ತದೆಯೇ ಎಂಬ ಚಿಂತೆಯೇ ಅವರಿಗಿದ್ದಂತೆ ಕಾಣುವುದಿಲ್ಲ. ಕೋಳಿ, ಕೋಡಗ, ಸೋರುವ ಮಾಳಿಗೆ, ಹೊಸದಾಗಿ ಬಂದ ಗಿರಣಿ, ಕಣ್ಣಿಗೆ ಬಿದ್ದದ್ದೆಲ್ಲ ತತ್ತ್ವಪದವಾಯಿತು. ಹಾಡಿನ ಕೊನೆಗೆ ಅಂಕಿತ ಮಾತ್ರ ಶಿಶುನಾಳಧೀಶನದು. ಹಾಪ್ಕಿನ್ಸ್ ಬೆಂಕಿಯಲ್ಲಿ ಹುಡುಕಿದ ಉಪಾಯ ಇವರಿಗೆ ಕೊನೆಯ ಸಾಲಿನಲ್ಲಿ ಸಿಕ್ಕಿತ್ತೇನೋ.

ಈ ಅಂಕಿತದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ವಚನಕಾರರು ಬರೆದದ್ದರ ಕೆಳಗೆ ಸಹಿ ಹಾಕಬೇಕಾದ ಜಾಗದಲ್ಲಿ ಇಷ್ಟದೈವದ ಹೆಸರಿಟ್ಟರು. ಬಸವಣ್ಣನಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಹರಿದಾಸರಲ್ಲಿ ಅಂಕಿತವನ್ನು ತಾನಾಗಿ ಆರಿಸಿಕೊಳ್ಳುವ ಹಾಗೂ ಇಲ್ಲ, ಗುರು ಕೊಡಬೇಕು. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ: ಒಂದೇ ಬಳ್ಳಿಯ ಕಾಯಿಗಳ ಹಾಗೆ. ಹೆಸರನ್ನು ಬಿಟ್ಟುಕೊಡುವುದಕ್ಕೆ ಇದಕ್ಕಿಂತ ಗಟ್ಟಿ ಏರ್ಪಾಡು ಇರಲಾರದು. ಆದರೆ ಆದದ್ದೇನು? ಅಂಕಿತದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ ಓದಿ, ಬಸವಣ್ಣನ ಬೇಡಿಕೆಯ ದನಿ ಬೇರೆ, ಅಲ್ಲಮ ಒಗಟಿನಂತೆ ತಿವಿಯುವ ದನಿ ಬೇರೆ, ಅಕ್ಕನ ಬೇಗೆ ಬೇರೆ. (ಪಾಠಾಂತರ, ಪ್ರಕ್ಷೇಪಗಳ ಪಂಡಿತರು ನನ್ನ ಹೆಬ್ಬೆರಳ ಪರೀಕ್ಷೆಗೆ ನಗುತ್ತಾರೆ, ಎಲ್ಲ ಕಡೆಯೂ ಅದು ನಡೆಯುವುದಿಲ್ಲ ಎಂದು ನನಗೂ ಗೊತ್ತು.) ಹೆಸರು ಹೋಯಿತು, ದನಿ ಹೋಗಲಿಲ್ಲ. ನನ್ನ ಮಟ್ಟಿಗೆ ಇಡೀ ವಾದ ಇಷ್ಟೇ: ಹೆಸರನ್ನು ಕೊಟ್ಟುಬಿಡಬಹುದು, ದನಿಯನ್ನು ಕೊಡಲಾಗದು, ಕೊಡಬೇಕಾಗಿಯೂ ಇಲ್ಲ. 'ನಾನು' ಎಂದು ಬಯ್ಯಿಸಿಕೊಳ್ಳುವುದರಲ್ಲಿ ಎರಡು ಪದಾರ್ಥ ಬೆರೆತಿವೆ. ಒಂದು ಮೆಚ್ಚುಗೆಗೆ ಕೈ ಚಾಚುವ ನಾನು. ಇನ್ನೊಂದು, ಇದೇ ಊರಲ್ಲಿ ಹುಟ್ಟಿ, ಇದೇ ತಾಯಿಯ ಮಾತು ಕೇಳಿ, ಇದೇ ಕಸುಬು ಮಾಡಿ ಬೆಳೆದ ನಾನು. ಮೊದಲನೆಯದನ್ನು ಕರಗಿಸುವ ಉತ್ಸಾಹದಲ್ಲಿ ಎರಡನೆಯದನ್ನೂ ತೊಳೆದುಬಿಟ್ಟರೆ ಉಳಿಯುವುದು ಕ್ಯಾಸೆಟ್ ಅಂಗಡಿಯ ಭಕ್ತಿಗೀತೆ.

ಇದಕ್ಕೆ ಅಂಬಿಗರ ಚೌಡಯ್ಯನೇ ಸಾಕ್ಷಿ. ಅವನು ದೇವರ ಹೆಸರನ್ನೇ ಇಡಲಿಲ್ಲ. ದೋಣಿ ನಡೆಸುವ ತನ್ನ ಕಸುಬು ಸಮೇತ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಹಾಗೆಂದು ಅವನನ್ನು ಅಹಂಕಾರಿ ಎಂದು ಶರಣರ ಸಾಲಿನಿಂದ ಯಾರೂ ಎಬ್ಬಿಸಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಅಮರೇಶ್ವರಲಿಂಗದ ಜೊತೆ ಗಂಡ ಮಾರಯ್ಯನೂ ಇದ್ದಾನೆ. ಇನ್ನೂ ಒಂದು ಗಮನಿಸಿ: ಕೂಡಲಸಂಗಮ, ಕಾಗಿನೆಲೆ, ಶಿಶುನಾಳ, ಇವೆಲ್ಲ ಊರುಗಳು. ಕುಮಾರವ್ಯಾಸನ ವೀರನಾರಾಯಣನೂ ಗದುಗಿನವನೇ. ನಿರಾಕಾರದ ಕಡೆ ಹೊರಟವರು ಕೊನೆಯ ಸಾಲಿನಲ್ಲಿ ಒಂದು ಊರಿನ ಮಣ್ಣನ್ನು ಸೆರಗಿಗೆ ಗಂಟು ಹಾಕಿಕೊಂಡೇ ಹೋದರು.

ಕುಮಾರವ್ಯಾಸನ ವಿಷಯ ಬಂದದ್ದರಿಂದ ಹೇಳುತ್ತೇನೆ. ಮೇಷ್ಟ್ರಾಗಿ ಎಷ್ಟೋ ವರ್ಷ ಅವನ ಪೀಠಿಕೆಯ ಪದ್ಯಗಳನ್ನು ಪಾಠ ಮಾಡಿದ್ದೇನೆ. ಕವಿ ವೀರನಾರಾಯಣ, ತಾನು ಬರೀ ಲಿಪಿಕಾರ ಎನ್ನುತ್ತಾನೆ. ಮಕ್ಕಳು ತಲೆಯಾಡಿಸುತ್ತಾರೆ, ಎಂಥ ವಿನಯ! ಅದೇ ಲಿಪಿಕಾರ ಇನ್ನೊಂದು ಪದ್ಯದಲ್ಲಿ ತಾನು ಹಲಗೆ ಬಳಪ ಹಿಡಿದವನಲ್ಲ, ಇಟ್ಟ ಪದವನ್ನು ಅಳಿಸಿದವನಲ್ಲ, ಪರರ ರೀತಿಯನ್ನು ಎರವಲು ತಂದವನಲ್ಲ ಎಂದು ಹೆಮ್ಮೆಗಳ ಪಟ್ಟಿಯನ್ನೇ ಕೊಡುತ್ತಾನೆ. ಬರೀ ನಕಲು ಮಾಡುವವನಿಗೆ ಇಷ್ಟು ಹೆಮ್ಮೆ ಯಾತಕ್ಕಪ್ಪಾ ಎಂದು ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ್ದ. ಅವತ್ತು ಗದರಿ ಕೂರಿಸಿದೆ. ಈಗ ಅನ್ನಿಸುತ್ತದೆ, ಆ ಎರಡೂ ಪದ್ಯ ನಿಜ. ಬರೆಯುತ್ತಿರುವಾಗ ಎಲ್ಲಿಂದಲೋ ಬರುತ್ತದೆ. ಬಂದದ್ದು ಕೆಡದಂತೆ ಹಿಡಿದದ್ದು ಮಾತ್ರ ನನ್ನ ಕೈ. ಬೇಲೂರಿನ ಶಿಲ್ಪಿಗಳೂ ಹೀಗೆಯೇ. ಭಾರತದ ಕಲಾವಿದ ಹೆಸರಿಗಾಗಿ ಕೆತ್ತಲಿಲ್ಲ ಎಂದು ಭಾಷಣಗಳಲ್ಲಿ ಹೇಳುವುದುಂಟು. ಬೇಲೂರಿಗೆ ಹೋಗಿ ನೋಡಿದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರು ಕಲ್ಲಿನಲ್ಲೇ ಇದೆ, ಬಿರುದುಗಳ ಸಮೇತ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆಮತ್ತೆ ಸಿಗುತ್ತದೆ. ದೇವರ ಮನೆಯ ಗೋಡೆಯ ಮೇಲೆ ತಮ್ಮ ಹೆಸರು ಕೊರೆಯುವುದಕ್ಕೆ ಅವರು ನಾಚಿಕೊಳ್ಳಲಿಲ್ಲ, ಅದರಿಂದ ದೇವರಿಗೂ ಏನೂ ಕಡಿಮೆಯಾಗಲಿಲ್ಲ.

ಹಾಗಾದರೆ ಕಲೆಯೇ ಸಾಧನೆ ಎಂಬ ಮೊದಲನೆಯ ಮಾತನ್ನು ಒಪ್ಪಿದಂತಾಯಿತೇ? ಇಲ್ಲ. ಅದಕ್ಕೆ ಪಂಪನೇ ತಡೆ. 941ರ ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯದ ಪ್ರಸಂಗ ಬರುತ್ತದೆ. ಆದಿದೇವನ ಸಭೆಯಲ್ಲಿ ದೇವಗಣಿಕೆ ಕುಣಿಯುತ್ತಿದ್ದಾಳೆ. ಕುಣಿಯುತ್ತಿರುವಂತೆಯೇ ಅವಳ ಆಯುಷ್ಯ ತೀರಿ ಮಿಂಚಿನಂತೆ ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಕಣ್ಣೆವೆ ಮುಚ್ಚುವುದರೊಳಗೆ ಅವಳಂಥದೇ ಇನ್ನೊಬ್ಬಳನ್ನು ಸೃಷ್ಟಿಸಿ ಅದೇ ಜಾಗದಲ್ಲಿ, ಅದೇ ಹೆಜ್ಜೆಯಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ಗೊತ್ತಾಗುವುದಿಲ್ಲ. ಎಲ್ಲರೂ ರಸದಲ್ಲಿ ಮುಳುಗಿದ್ದಾರೆ. ಆದಿದೇವ ಒಬ್ಬನಿಗೆ ಗೊತ್ತಾಗುತ್ತದೆ, ಅಲ್ಲಿಂದಲೇ ಅವನ ವೈರಾಗ್ಯ.

ಈ ಕಥೆಯನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಒಂದೇ ನೃತ್ಯ. ರಸಿಕರಿಗೆ ಅದರಿಂದ ಸಿಕ್ಕಿದ್ದು ರಸ, ಒಬ್ಬನಿಗೆ ಸಿಕ್ಕಿದ್ದು ದಾರಿ. ಕಲೆಯೇ ಮೋಕ್ಷ ಕೊಡುವುದಾಗಿದ್ದರೆ ಸಭೆಗೆ ಸಭೆಯೇ ಎದ್ದು ಕಾಡಿಗೆ ಹೋಗಬೇಕಿತ್ತು. ಕಲೆ ಬರೀ ಮೋಹವಾಗಿದ್ದರೆ ಆ ಒಬ್ಬನೂ ಏಳುತ್ತಿರಲಿಲ್ಲ. ಅದರಲ್ಲೂ ಇಂದ್ರನ ಪಾತ್ರ ನೋಡಿ: ಬಿರುಕು ಕಾಣದಂತೆ ಮುಚ್ಚುವುದೇ ಅವನ ಕುಶಲತೆ, ಆ ಬಿರುಕನ್ನು ಕಂಡದ್ದೇ ಆದಿದೇವನ ಜ್ಞಾನ. ಕಲಾವಿದ ಇಂದ್ರನ ಕಡೆಯವನು. ಪಂಪ ಇದನ್ನು ಬರೆದು ತಾನು ಕಾಡಿಗೆ ಹೋಗಲಿಲ್ಲ, ವಿಕ್ರಮಾರ್ಜುನವಿಜಯ ಬರೆದ. ಒಂದು ಲೌಕಿಕ, ಒಂದು ಆಗಮ ಎಂದು ಬೇರೆಬೇರೆ ಕಟ್ಟು ಮಾಡಿಟ್ಟ, ಒಂದಕ್ಕೆ ಆರು ತಿಂಗಳು, ಒಂದಕ್ಕೆ ಮೂರು ತಿಂಗಳು ಹಿಡಿಯಿತೆಂದು ಲೆಕ್ಕವನ್ನೂ ಕೊಟ್ಟ. ಆಗಮಕ್ಕೆ ಅರ್ಧ ಸಮಯ ಸಾಕಾಯಿತು ಎಂಬುದರಲ್ಲಿ ನನಗೆ ಸಣ್ಣ ಕುಚೇಷ್ಟೆ ಕಾಣಿಸುತ್ತದೆ. ಕಾಣಿಸಬಾರದೇನೋ.

ಆಲಂಕಾರಿಕರು ರಸಾನುಭವವನ್ನು ಬ್ರಹ್ಮಾಸ್ವಾದದ ಸಹೋದರ ಎಂದು ಕರೆದರು. ಈ ಮಾತನ್ನು ಕಲೆಯ ಸಭೆಗಳಲ್ಲಿ ಉದಾರವಾಗಿ ಹಂಚುತ್ತಾರೆ, ಸಹೋದರ ಎಂಬ ಪದವನ್ನು ಮಾತ್ರ ಯಾರೂ ನಿಧಾನವಾಗಿ ಓದುವುದಿಲ್ಲ. ಅಣ್ಣತಮ್ಮಂದಿರು ಒಬ್ಬನೇ ಅಲ್ಲವಲ್ಲ. ಮೂಗು ಒಂದೇ ಥರ ಇರಬಹುದು, ಮನೆ ಬೇರೆ, ಸಂಸಾರ ಬೇರೆ. ಮಲ್ಲಿಕಾರ್ಜುನ ಮನ್ಸೂರರು ಮುರುಘಾಮಠದ ಭಕ್ತರು, ವಚನಗಳನ್ನು ಅವರಂತೆ ಹಾಡಿದವರು ಕಡಿಮೆ. ಆದರೂ ಆತ್ಮಕಥೆಗೆ ಇಟ್ಟ ಹೆಸರು 'ನನ್ನ ರಸಯಾತ್ರೆ'. 'ನನ್ನ' ಎಂದರು, 'ರಸ' ಎಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ.

ಈ ಅಣ್ಣತಮ್ಮಂದಿರ ಮುಖದ ಹೋಲಿಕೆ ಎಲ್ಲಿದೆ? ಸ್ಫೂರ್ತಿಯಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಅಳಿಸುವುದರಲ್ಲಿ ಕಂಡಿದೆ. ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ವಾಪಸು ಕಳಿಸಿದಳು. ಶರಣಧರ್ಮದಲ್ಲಿ ಇದು ಅಪರಿಗ್ರಹದ ದೊಡ್ಡ ಪಾಠ. ನಾನು ಅವಳನ್ನು ಕನ್ನಡದ ಮೊದಲ ಸಂಪಾದಕಿ ಎಂದೂ ತಿಳಿದುಕೊಂಡಿದ್ದೇನೆ. ಬೇಕಾದ್ದಕ್ಕಿಂತ ಒಂದು ಪದ ಹೆಚ್ಚು ಬಂದಾಗ, ಅದು ಎಷ್ಟೇ ಚೆಂದವಿರಲಿ, ಸುರಿದು ಬರುವವನಿಗೆ ಆ ಗಳಿಗೆಯಲ್ಲಿ ಆಗುವ ಸಣ್ಣ ನೋವು ಇದೆಯಲ್ಲ, ಧ್ಯಾನದಲ್ಲಿ ಕೂತಾಗ ಇಷ್ಟವಾದ ಯೋಚನೆಯೊಂದನ್ನು ಬಿಡುವಾಗಲೂ ಅದೇ ಜಾಗದಲ್ಲಿ ಅದೇ ನೋವು ಆಗುತ್ತದೆ. ಎರಡನ್ನೂ ಮಾಡಿ ನೋಡಿದವನಾದ್ದರಿಂದ ಇಷ್ಟು ಧೈರ್ಯವಾಗಿ ಹೇಳುತ್ತೇನೆ.

ಧನುರ್ಮಾಸದಲ್ಲಿ ಎದುರು ಮನೆಯವರು ಬೆಳಗಿನ ಐದೂವರೆಗೆ ರಂಗೋಲಿ ಹಾಕುತ್ತಾರೆ. ನಾನು ಹಾಲಿಗೆ ಹೊರಡುವ ಹೊತ್ತೂ ಅದೇ. ಒಂದು ದಿನ ಹದಿನೈದರಿಂದ ಎಂಟರವರೆಗೆ ಸಂದುಚುಕ್ಕಿ ಇಟ್ಟು ಎಳೆ ಎಳೆಯುತ್ತಿದ್ದರು. ಮುಕ್ಕಾಲು ಭಾಗ ಮುಗಿದಿತ್ತು. ಇದ್ದಕ್ಕಿದ್ದಂತೆ ನಿಂತರು. ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಬಗ್ಗಿ ಒದ್ದೆ ಬಟ್ಟೆಯಿಂದ ಬಲಗಡೆಯ ಒಂದು ಮೂಲೆಯನ್ನೇ ಒರೆಸಿ, ನೆಲ ಆರಲಿ ಎಂದು ಸೆರಗಿನಿಂದ ಗಾಳಿ ಹಾಕಿ, ಅಳಿಸಿಹೋದ ಚುಕ್ಕಿಗಳನ್ನು ಎಣಿಸಿ ಮತ್ತೆ ಇಟ್ಟರು.

"ಬಿಡಿ, ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದೆ.

"ಎಳೆ ಕೂಡ್ಕೊಳ್ಳಲ್ಲ ಮೇಷ್ಟ್ರೇ" ಎಂದರು, ತಲೆಯೆತ್ತದೆ.

ಮುಗಿದ ಮೇಲೆ ಸೊಸೆಯನ್ನು ಕರೆದು ಫೋಟೋ ತೆಗೆಸಿದರು. ಅಂಚಿನಲ್ಲಿ ಬಿದ್ದಿದ್ದ ಚಪ್ಪಲಿಯನ್ನು ಕಾಲಿನಿಂದ ಆಚೆ ಸರಿಸಿ, ಇನ್ನೊಂದು ಸಲ ತೆಗೆಸಿದರು. ವಾಟ್ಸಾಪಿನಲ್ಲಿ ಅಕ್ಕತಂಗಿಯರ ಗುಂಪಿಗೆ ಹೋಗುತ್ತದಂತೆ. ಎಂಟು ಗಂಟೆಗೆ ನೀರಿನ ಕ್ಯಾನಿನ ಗಾಡಿ ಅದರ ಮೇಲೇ ಬಂದು ನಿಂತಿತು. ಅವರು ಬಾಗಿಲಲ್ಲೇ ಇದ್ದರು. ಎರಡು ಕ್ಯಾನು ಒಳಗೆ ಇಳಿಸಿಕೊಂಡು ಚಿಲ್ಲರೆ ಎಣಿಸಿ ಕೊಟ್ಟರು. ಮೊದಲು ಇಂಥದ್ದನ್ನು ಕಂಡರೆ ಅನಿತ್ಯ, ಅರ್ಪಣೆ ಎಂದೆಲ್ಲ ಬರೆದುಬಿಡುತ್ತಿದ್ದೆ. ಆಕೆಗೆ ಆ ಯಾವ ಪದವೂ ಬೇಕಿರಲಿಲ್ಲ. ಎಳೆ ಕೂಡಬೇಕಿತ್ತು. ಫೋಟೋ ಚೆನ್ನಾಗಿ ಬರಬೇಕಿತ್ತು. ಏಳು ಗಂಟೆಯವರೆಗೆ ಅದು ಪೂರ್ತಿ ಅವರದು, ಎಂಟಕ್ಕೆ ಅಲ್ಲ. ಈ ಒಂದು ಗಂಟೆಯ ಅಂತರವನ್ನು ನಾನು ನಲವತ್ತು ವರ್ಷದಲ್ಲಿ ಕಲಿಯಲಿಲ್ಲ.

ಸಂಕ್ರಾಂತಿಯ ದಿನ ಸಂಜೆ ಫಿಟ್ಟರ್ ಮಹಾಶಯರು ಎಳ್ಳುಬೆಲ್ಲದ ಪೊಟ್ಟಣದ ಜೊತೆ ಅದೇ ಫೈಲು ಹಿಡಿದುಕೊಂಡು ಬಂದರು. ಅವತ್ತಿನ ಮಾತಿಗೆ ನಾನು ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಮೇಷ್ಟ್ರೇ, ಕಾರ್ಖಾನೇಲಿ ನಾನೂ ಹುಡುಗರು ಮಾಡಿದ್ದನ್ನ ಹಿಂಗೇ ಎಸೀತಿದ್ದೆ. ಒಂದು ಕೂದಲೆಳೆ ಜಾಸ್ತಿಯಾದ್ರೂ ಕೂರಲ್ಲ ಅದು" ಎಂದರು. ತಿದ್ದಿದ್ದನ್ನೆಲ್ಲ ಒಪ್ಪಿ ಶುದ್ಧಪ್ರತಿ ಮಾಡಿ ತಂದಿದ್ದರು. ಅಮ್ಮನ ಮಹಾಪ್ರಾಣಗಳೆಲ್ಲ ಸರಿಹೋಗಿದ್ದವು. ಆದರೆ ನೂರೆಂಟು ಪದ್ಯದ ಕೊನೆಯಲ್ಲೂ ಒಂದು ಪದ ಮೊದಲಿದ್ದ ಹಾಗೇ ಇತ್ತು. ನಾನು 'ಜರಗನಹಳ್ಳಿಯಮ್ಮ' ಎಂದು ತಿದ್ದಿದ್ದ ಕಡೆಯಲ್ಲೆಲ್ಲ 'ಜರಗ್ನಳ್ಳಿ ಅಮ್ಮ'.

"ಇದೊಂದನ್ನ ಮಾತ್ರ ಮುಟ್ಟಬೇಡಿ" ಎಂದರು. "ನಮ್ಮ ತಾಯಿ ದೀಪ ಹಚ್ಚುವಾಗ ಹಂಗೇ ಕರೀತಿದ್ರು."

ಈ ಊರಿನ ಹೆಸರಿಗೆ ಈಗ ಹೆಚ್ಚು ಜಾಗ ಉಳಿದಿಲ್ಲ. ಬಡಾವಣೆಗಳು ಜೆ.ಪಿ. ನಗರದ ಹಂತಗಳಾಗಿವೆ, 2017ರಲ್ಲಿ ನಮ್ಮ ಪಕ್ಕದಲ್ಲೇ ತೆರೆದ ಮೆಟ್ರೋ ನಿಲ್ದಾಣಕ್ಕೂ ಜಯಪ್ರಕಾಶ ನಗರ ಎಂದೇ ಹೆಸರು. ಕನ್ನಡದ ಓದುಗರಿಗೆ ಈ ಹಳ್ಳಿ ಗೊತ್ತಿದ್ದರೆ ಅದು ಹನಿಗವನದ ಜರಗನಹಳ್ಳಿ ಶಿವಶಂಕರ್ ಅವರಿಂದ. 2021ರಲ್ಲಿ ಹೋಗಿಬಿಟ್ಟ ಆ ಕವಿ ತಮ್ಮ ಹೆಸರಿನ ಮುಂದೆ ಊರನ್ನು ಹೊತ್ತು ತಿರುಗಿದರು. ಹಿಂದಿನವರಿಗೆ ಅಂಕಿತ ಪದ್ಯದ ತುದಿಯಲ್ಲಿತ್ತು, ಇವರಿಗೆ ಹೆಸರಿನ ಶುರುವಿನಲ್ಲಿ.

'ಜರಗನಹಳ್ಳಿಯಮ್ಮ' ಎಂದರೆ ಹತ್ತು ಮಾತ್ರೆ. 'ಜರಗ್ನಳ್ಳಿ ಅಮ್ಮ' ಎಂದರೆ ಒಂದು ಕಡಿಮೆ. ಬೆರಳೆಣಿಸಿ ನೋಡಿದೆ; ಅವರ ಸಾಲು ನಡೆಯುತ್ತಿದ್ದ ಮೂರುಮೂರರ ಲಯಕ್ಕೆ ಹೊಂದುತ್ತಿದ್ದದ್ದು ಅವರದೇ, ನನ್ನ ವ್ಯಾಕರಣದ್ದಲ್ಲ. ಕೆಂಪು ಪೆನ್ನು ತೆಗೆದುಕೊಂಡು ಮೊದಲ ಹಾಳೆಯ ಅಂಚಿನಲ್ಲಿ 'ಇದು ಹೀಗೇ ಇರಲಿ' ಎಂದು ಬರೆದೆ. ಅಚ್ಚಿನ ಮನೆಯವರು ತಿದ್ದಿಬಿಟ್ಟಾರೆಂದು ಕೆಳಗೆ ಎರಡು ಗೆರೆ ಎಳೆದೆ.